ಸೈಕಲ್ ಮೇಲೆ ಹೆದರಿಕೆ ಬಿಡುವುದು ಹೇಗೆ: ಸಂತೋಷಕ್ಕಾಗಿ ತುಳಿಯುವವರಿಗೆ ಹಂತಹಂತದ ಮಾರ್ಗದರ್ಶಿ

ಸೈಕಲ್ ಕಲಿತವರೆಲ್ಲರೂ ಸೈಕಲ್ ಮೇಲೆ ನೆಮ್ಮದಿಯಾಗಿರುತ್ತಾರೆ ಎಂದೇನೂ ಇಲ್ಲ. ಚಿಕ್ಕಂದಿನಲ್ಲಿ ಕಲಿತು, ನಡುವೆ ಹತ್ತಿಪ್ಪತ್ತು ವರ್ಷ ಮುಟ್ಟದೆ, ಈಗ ಮತ್ತೆ ಹತ್ತಿದವರನ್ನು ಗಮನಿಸಿ ನೋಡಿ: ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದು, ಹೆಗಲನ್ನು ಕಿವಿಯವರೆಗೆ ಏರಿಸಿಕೊಂಡು, ಮುಂದಿನ ಚಕ್ರದ ಬುಡವನ್ನೇ ನೋಡುತ್ತ ಹೋಗುತ್ತಿರುತ್ತಾರೆ. ಕೇಳಿದರೆ ತಮಗೆ ಧೈರ್ಯ ಸಾಲದು ಎನ್ನುತ್ತಾರೆ. ನಾನೂ ಬಹಳ ದಿನ ಹಾಗೆಯೇ ನಂಬಿದ್ದೆ. ಆದರೆ ಹೆದರಿಕೆಯನ್ನು ಬಿಡಿಸಿ ನೋಡಿದಾಗ ಅದರ ಬುಡದಲ್ಲಿ ಹೆಚ್ಚಾಗಿ ಸಿಗುವುದು ಕೈಗೂಡದ ಯಾವುದೋ ಒಂದು ಕೌಶಲ. ಹಿಂದೆ ತಿರುಗಿ ನೋಡಲು ಬಾರದವರಿಗೆ ವಾಹನಗಳ ಭಯ, ಬ್ರೇಕಿನ ಮೇಲೆ ನಂಬಿಕೆಯಿಲ್ಲದವರಿಗೆ ಇಳಿಜಾರಿನ ಭಯ, ಗೇರು ಬದಲಿಸುವ ಹೊತ್ತು ತಿಳಿಯದವರಿಗೆ ಏರಿನ ಭಯ.

ಆದ್ದರಿಂದ ಮೊದಲ ಕೆಲಸ ಮನೆಯಲ್ಲೇ ಆಗಬೇಕು. ಒಂದು ಕಾಗದ ತೆಗೆದುಕೊಂಡು, ಸೈಕಲ್ ತುಳಿಯುವಾಗ ಯಾವ ಗಳಿಗೆಯಲ್ಲಿ ನಿಮ್ಮ ಕೈ ಬಿಗಿಯಾಗುತ್ತದೆ ಎಂಬುದನ್ನು ಬರೆದುಕೊಳ್ಳಿ. ಟ್ರಾಫಿಕ್ ಎಂದರೆ ಭಯ ಎಂದಷ್ಟೇ ಬರೆದರೆ ಸಾಲದು; ಹಿಂದಿನಿಂದ ಲಾರಿಯ ಸದ್ದು ಕೇಳಿದೊಡನೆ ಸೈಕಲ್ ರಸ್ತೆಯ ಅಂಚಿಗೆ ವಾಲುತ್ತದೆ ಎಂಬಷ್ಟು ಬಿಡಿಸಿ ಬರೆಯಬೇಕು. ಹಾಗೆ ಬರೆದ ಬಹುತೇಕ ಎಲ್ಲ ಸಾಲುಗಳಿಗೂ, ವಾಹನಗಳಿಲ್ಲದ ಖಾಲಿ ಮೈದಾನದಲ್ಲಿ ನಿಧಾನ ವೇಗದಲ್ಲಿ ಮಾಡಬಹುದಾದ ಒಂದೊಂದು ಅಭ್ಯಾಸವಿದೆ. ವಾರಕ್ಕೊಮ್ಮೆ ಮೂರು ಗಂಟೆ ಒದ್ದಾಡುವುದಕ್ಕಿಂತ ವಾರದಲ್ಲಿ ಮೂರು ನಾಲ್ಕು ಸಲ ಇಪ್ಪತ್ತು ನಿಮಿಷ ಅಭ್ಯಾಸ ಮಾಡುವುದು ಮೇಲು, ಏಕೆಂದರೆ ದಣಿದ ಮೈ ಹೊಸದನ್ನು ಕಲಿಯದೆ ಹಳೆಯ ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತದೆ.

ಮೊದಲ ಹಂತ: ಸೈಕಲ್ಲನ್ನು ಮೈಗೆ ಹೊಂದಿಸುವುದು

ಅಳತೆಗೆ ಹೊಂದದ ಸೈಕಲ್ ಮೇಲೆ ಎಂಥವರಿಗೂ ಹಿಡಿತ ಸಿಗುವುದಿಲ್ಲ. ಸೀಟಿನ ಎತ್ತರದಿಂದಲೇ ಶುರು ಮಾಡಿ. ಸೀಟಿನ ಮೇಲೆ ಕುಳಿತು, ಪೆಡಲ್ಲನ್ನು ಅತಿ ಕೆಳಗಿನ ಸ್ಥಾನಕ್ಕೆ ತಂದು, ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಮೊಣಕಾಲು ನೇರವಾಗಿ ಚಾಚಬೇಕು. ಆಮೇಲೆ ಅಂಗಾಲಿನ ಮುಂಭಾಗವನ್ನು, ಅಂದರೆ ನಿಜವಾಗಿ ತುಳಿಯುವ ಭಾಗವನ್ನು, ಪೆಡಲ್ ಮೇಲಿಟ್ಟರೆ ಮೊಣಕಾಲಿನಲ್ಲಿ ಸುಮಾರು 25ರಿಂದ 35 ಡಿಗ್ರಿಯಷ್ಟು ಬಾಗು ಉಳಿಯುತ್ತದೆ. ಅಳತೆಪಟ್ಟಿ ಹಿಡಿದು ನೋಡುವವರಿಗೆ ಇನ್ನೊಂದು ಲೆಕ್ಕವಿದೆ. ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗಿನ ಅಳತೆಯನ್ನು 0.883ರಿಂದ ಗುಣಿಸಿದರೆ, ಪೆಡಲುಗಳು ಸುತ್ತುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ದೂರ ಸಿಗುತ್ತದೆ. ಕಾಲಿನ ಅಳತೆ 80 ಸೆಂಟಿಮೀಟರ್ ಇದ್ದವರಿಗೆ ಇದು ಸುಮಾರು 70.6 ಸೆಂಟಿಮೀಟರ್ ಆಗುತ್ತದೆ. ಇದೇ ಕೊನೆಯ ಮಾತಲ್ಲ. ಇಲ್ಲಿಂದ ಅರ್ಧ ಸೆಂಟಿಮೀಟರಿನಷ್ಟು ಆಚೀಚೆ ಮಾಡುತ್ತ ನಿಮ್ಮ ಮೊಣಕಾಲು ಏನು ಹೇಳುತ್ತದೆ ಎಂದು ಕೇಳಬೇಕು. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಹೆಚ್ಚಾಗಿ ಸೀಟು ತಗ್ಗಾಗಿದೆ. ಹಿಂಭಾಗ ನೋಯುತ್ತಿದ್ದರೆ, ಅಥವಾ ತುಳಿಯುವಾಗ ಸೊಂಟ ಆಚೀಚೆ ತೂಗುತ್ತಿದ್ದರೆ, ಸೀಟು ಎತ್ತರವಾಗಿದೆ.

ಹೊಸಬರಿಗೆ ಈ ಎತ್ತರ ಒಮ್ಮೆಲೇ ಒಗ್ಗುವುದಿಲ್ಲ. ಎರಡೂ ಪಾದಗಳು ನೆಲಕ್ಕೆ ಪೂರ್ತಿ ತಾಗಬೇಕೆಂದು ಮನಸ್ಸು ಬಯಸುತ್ತದೆ. ಅದರಲ್ಲಿ ತಪ್ಪಿಲ್ಲ. ಮೊದಲ ಕೆಲವು ದಿನ ಸೀಟನ್ನು ತಗ್ಗಿಸಿಯೇ ಇಟ್ಟು, ಸಮತೋಲ ಬಂದಂತೆಲ್ಲ ಒಂದೊಂದು ಸೆಂಟಿಮೀಟರ್ ಏರಿಸುತ್ತ ಹೋಗಿ. ಸೀಟಿನ ಕಂಬದ ಮೇಲೆ ಕೆತ್ತಿರುವ ಮಿತಿಯ ಗೆರೆ ಹೊರಗೆ ಕಾಣುವಷ್ಟು ಮಾತ್ರ ಎಂದಿಗೂ ಏರಿಸಬೇಡಿ.

ಬ್ರೇಕಿನ ಹಿಡಿಯ ದೂರವನ್ನು ಬಹಳ ಜನ ಕಡೆಗಣಿಸುತ್ತಾರೆ. ಹ್ಯಾಂಡಲ್ ಬಿಡದೆ, ಮಣಿಕಟ್ಟು ತಿರುಗಿಸದೆ, ಒಂದೆರಡು ಬೆರಳು ಚಾಚಿದೊಡನೆ ಹಿಡಿ ಸಿಗಬೇಕು. ಚಿಕ್ಕ ಕೈಯವರಿಗೆ ಅದು ದೂರವೆನಿಸಿದರೆ, ಅನೇಕ ಹಿಡಿಗಳಲ್ಲಿ ಅದನ್ನು ಹತ್ತಿರ ತರುವ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದ ಅರ್ಧ ನಿಮಿಷದ ಕೆಲಸದಿಂದ ಇಳಿಜಾರಿನ ಭಯ ಅರ್ಧದಷ್ಟು ಕಡಿಮೆಯಾದವರನ್ನು ನಾನು ಕಂಡಿದ್ದೇನೆ.

ಪ್ರತಿ ಸಲ ಹತ್ತುವ ಮೊದಲು ಗಾಳಿ, ಬ್ರೇಕ್, ಚೈನು ಈ ಮೂರನ್ನು ನೋಡಿ. ಗಾಳಿಯ ಮಿತಿ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಆ ಮಿತಿಯೊಳಗೆ, ಮೈತೂಕ ಹೆಚ್ಚಿದ್ದವರು ಹೆಚ್ಚು ಗಾಳಿಯನ್ನೂ ಅಗಲ ಟೈರಿನವರು ಕಡಿಮೆ ಗಾಳಿಯನ್ನೂ ಇಟ್ಟುಕೊಳ್ಳಬಹುದು. ಬ್ರೇಕಿನ ಹಿಡಿ ಹ್ಯಾಂಡಲ್ಲಿಗೆ ತಾಗುವಷ್ಟು ಒಳಗೆ ಬಂದರೆ ತಂತಿ ಬಿಗಿಸಬೇಕೆಂದು ಅರ್ಥ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳಿನಷ್ಟು ಮೇಲೆ ಮಟ್ಟಸವಾಗಿ ಕೂರಬೇಕು, ಹಿಂದಕ್ಕೆ ಜಾರಿ ಹಣೆ ಬರಿದಾಗಬಾರದು.

ಎರಡನೆಯ ಹಂತ: ಸಮತೋಲ, ಹೊರಡುವುದು, ನಿಲ್ಲುವುದು

ಸೈಕಲ್ಲಿನ ಪೂರ್ವಜನಿಗೆ ಪೆಡಲ್ಲೇ ಇರಲಿಲ್ಲ. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಓಡಿಸಿ ತೋರಿಸಿದ ಎರಡು ಚಕ್ರದ ಯಂತ್ರವನ್ನು ಕಾಲಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತ ಸಾಗಿಸಬೇಕಾಗಿತ್ತು. ಕಲಿಯುವವರಿಗೆ ಇಂದಿಗೂ ಇದೇ ಸರಿಯಾದ ಕ್ರಮವೆಂಬುದು ನನ್ನ ದೃಢವಾದ ಅಭಿಪ್ರಾಯ: ಮೊದಲು ಸಮತೋಲ, ತುಳಿತ ಆಮೇಲೆ. ಬಹಳ ವರ್ಷಗಳ ಮೇಲೆ ಸೈಕಲ್ ಹತ್ತುತ್ತಿರುವವರು, ಅಥವಾ ದೊಡ್ಡವರಾದ ಮೇಲೆ ಮೊದಲ ಬಾರಿಗೆ ಕಲಿಯುತ್ತಿರುವವರು, ಎರಡೂ ಪೆಡಲುಗಳನ್ನು ಕಳಚಿ ಶುರು ಮಾಡುವುದು ಒಳ್ಳೆಯದು. ಕಳಚುವಾಗ ಒಂದು ವಿಷಯ ನೆನಪಿರಲಿ. ಎಡಗಡೆಯ ಪೆಡಲಿನ ಮರೆ, ಅಂದರೆ ಸ್ಕ್ರೂವಿನಂಥ ಸುತ್ತುಗೆರೆ, ಉಲ್ಟಾ ಇರುತ್ತದೆ. ಆದ್ದರಿಂದ ಯಾವ ಬದಿಯೇ ಆಗಲಿ, ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಅದರ ತುದಿಯನ್ನು ಹಿಂದಿನ ಚಕ್ರದ ಕಡೆಗೆ ತಿರುಗಿಸಿದರೆ ಪೆಡಲ್ ಸಡಿಲವಾಗುತ್ತದೆ. ನಂತರ ಸೀಟನ್ನು ತಗ್ಗಿಸಿ, ಮೈದಾನದ ತೀರಾ ಸಣ್ಣ ಇಳಿಜಾರಿನಲ್ಲಿ ಕಾಲಿನಿಂದ ನೂಕಿಕೊಂಡು ಸಾಗಿ, ಪಾದಗಳನ್ನು ಎತ್ತಿ ಹಿಡಿದು ಎಷ್ಟು ದೂರ ತೇಲುತ್ತೀರೆಂದು ನೋಡಿ. ಹತ್ತು ಎಣಿಸುವಷ್ಟು ಹೊತ್ತು ಕಾಲು ನೆಲಕ್ಕೆ ತಾಗದೆ ಸಾಗಿದಿರೆಂದರೆ ಪೆಡಲ್ ಹಾಕಿಕೊಳ್ಳುವ ಕಾಲ ಬಂತು.

ನಿಧಾನವಾಗಿ ಹೋದರೆ ಬೀಳುವುದಿಲ್ಲ ಎಂದು ಹೊಸಬರು ಎಣಿಸುತ್ತಾರೆ, ಆದರೆ ಆಗುವುದು ಇದಕ್ಕೆ ವಿರುದ್ಧ. ಸೈಕಲ್ ಒಂದು ಕಡೆಗೆ ವಾಲಿದಾಗ ಮುಂದಿನ ಚಕ್ರವೂ ಅದೇ ಕಡೆಗೆ ತಿರುಗಿ, ಚಕ್ರಗಳು ಮೈಯ ಅಡಿಗೆ ಮರಳಿ ಬರುವುದರಿಂದಲೇ ಅದು ನಿಂತಿರುತ್ತದೆ. ಹೀಗೆ ಸರಿಪಡಿಸಿಕೊಳ್ಳಲು ಅದಕ್ಕೆ ಒಂದಿಷ್ಟು ವೇಗ ಬೇಕು. ತಿರುಗುವ ಚಕ್ರಗಳ ಬುಗುರಿಯಂಥ ಗುಣವೇ ಸೈಕಲ್ಲನ್ನು ನಿಲ್ಲಿಸುತ್ತದೆ ಎಂಬ ವಿವರಣೆ ಬಹಳ ಕಾಲ ಚಾಲ್ತಿಯಲ್ಲಿತ್ತು. 2011ರಲ್ಲಿ ಸಂಶೋಧಕರು ಆ ಗುಣವನ್ನು ರದ್ದುಪಡಿಸುವಂತೆ ಕಟ್ಟಿದ ಒಂದು ಸೈಕಲ್ ಕೂಡ ಸವಾರನಿಲ್ಲದೆಯೇ ತಾನಾಗಿ ಸಮತೋಲ ಕಾಯ್ದುಕೊಂಡಿತು. ನಮಗೆ ಇದರಿಂದ ಸಿಗುವ ಪಾಠವೆಂದರೆ, ಹ್ಯಾಂಡಲ್ಲನ್ನು ಬಿಗಿಹಿಡಿದಷ್ಟೂ ಸೈಕಲ್ ತನ್ನನ್ನು ತಾನು ಸರಿಪಡಿಸಿಕೊಳ್ಳದಂತೆ ನಾವೇ ತಡೆಯುತ್ತೇವೆ. ಹಿಡಿತ ಸಡಿಲವಿರಲಿ, ಮೊಣಕೈ ಸ್ವಲ್ಪ ಬಾಗಿರಲಿ, ದೃಷ್ಟಿ ಹತ್ತು ಹದಿನೈದು ಮೀಟರ್ ಮುಂದಿರಲಿ.

ಹೊರಡುವಾಗ ಒಂದು ಕಾಲನ್ನು ನೆಲದ ಮೇಲಿಟ್ಟು, ಇನ್ನೊಂದು ಬದಿಯ ಪೆಡಲ್ಲನ್ನು ಮುಂದಕ್ಕೆ ಮೇಲೆ ಬರುವಂತೆ ತಿರುಗಿಸಿಕೊಂಡು, ಅದರ ಮೇಲೆ ಗಟ್ಟಿಯಾಗಿ ತುಳಿದು ಏಳಬೇಕು. ಆ ಒಂದೇ ತುಳಿತಕ್ಕೆ ಸಾಕಷ್ಟು ವೇಗ ಬರುತ್ತದೆ, ಸೀಟಿನ ಮೇಲೆ ಕೂರಲು ಸಮಯವೂ ಸಿಗುತ್ತದೆ. ಮೊದಲು ಕುಳಿತು, ತುದಿಗಾಲಿನಲ್ಲಿ ನೂಕಿ, ತಡಕಾಡುತ್ತ ಪೆಡಲ್ ಹುಡುಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ನಿಲ್ಲುವಾಗಲೂ ಹಾಗೆಯೇ: ಬ್ರೇಕ್ ಹಿಡಿದು ವೇಗ ಇಳಿಸಿ, ಒಂದು ಪೆಡಲ್ ಮೇಲೆ ಭಾರ ಹಾಕಿ ಸೀಟಿನಿಂದ ಮುಂದಕ್ಕೆ ಇಳಿದು, ಮತ್ತೊಂದು ಕಾಲನ್ನು ನೆಲಕ್ಕೆ ಊರಬೇಕು. ಇದನ್ನು ಇಪ್ಪತ್ತು ಸಲ ಮಾಡಿದರೆ ಸಿಗ್ನಲ್ಲಿನಲ್ಲಿ ಹೊರಡುವ ಗಾಬರಿ ಹೋಗುತ್ತದೆ.

ಮೂರನೆಯ ಹಂತ: ಬ್ರೇಕು

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗವನ್ನು ಅಭ್ಯಾಸ ಮಾಡುವಷ್ಟು ಮಾತ್ರ ಬಿಡುವಿದ್ದರೆ ಇದನ್ನೇ ಆರಿಸಿಕೊಳ್ಳಿ. ಬೇಕೆಂದಾಗ ಬೇಕಾದಲ್ಲಿ ನಿಲ್ಲಬಲ್ಲೆ ಎಂಬುದು ಮೈಗೆ ಗೊತ್ತಾದ ದಿನ ಉಳಿದ ಅನೇಕ ಹೆದರಿಕೆಗಳು ತಾವಾಗಿ ಸಡಿಲವಾಗುತ್ತವೆ.

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೇವೆ ಎಂದು ಹೆದರಿ ಬಹಳ ಜನ ಹಿಂದಿನ ಬ್ರೇಕನ್ನೇ ನಂಬಿಕೊಂಡಿರುತ್ತಾರೆ. ಆದರೆ ವೇಗ ಇಳಿಯುವಾಗ ಭಾರವೆಲ್ಲ ಮುಂದಿನ ಚಕ್ರದ ಕಡೆಗೆ ಸರಿಯುತ್ತದೆ. ಹಿಂದಿನ ಚಕ್ರ ಹಗುರಾಗಿ, ನೆಲದ ಹಿಡಿತ ಕಳೆದುಕೊಂಡು, ಬೇಗನೆ ಜಾರುತ್ತದೆ. ಒಣ ರಸ್ತೆಯಲ್ಲಿ ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಬ್ರೇಕಿನದೇ. ಪಲ್ಟಿ ಹೊಡೆಯುವುದು ಮುಂದಿನ ಬ್ರೇಕನ್ನು ಒಮ್ಮೆಲೇ ಕಚ್ಚಿ ಹಿಡಿದು, ಮೈಯನ್ನು ಮುಂದಕ್ಕೆ ಬೀಳಲು ಬಿಟ್ಟಾಗ.

ಇದನ್ನು ಕಣ್ಣಾರೆ ನೋಡಲು ಸೈಕಲ್ ಹತ್ತಬೇಕಾಗಿಯೂ ಇಲ್ಲ. ಸೈಕಲ್ಲಿನ ಪಕ್ಕದಲ್ಲಿ ನಡೆಯುತ್ತ ಅದನ್ನು ತಳ್ಳಿಕೊಂಡು ಹೋಗಿ, ಮುಂದಿನ ಬ್ರೇಕನ್ನು ಮಾತ್ರ ಒಮ್ಮೆ ಜೋರಾಗಿ ಹಿಡಿಯಿರಿ. ಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಈಗ ಅದನ್ನೇ ಮೆಲ್ಲನೆ, ಒದ್ದೆ ಬಟ್ಟೆ ಹಿಂಡುವಂತೆ, ಕ್ರಮವಾಗಿ ಒತ್ತಡ ಏರಿಸುತ್ತ ಹಿಡಿಯಿರಿ. ಸೈಕಲ್ ಕುಗ್ಗಿದಂತಾಗಿ ನಿಲ್ಲುತ್ತದೆ, ಚಕ್ರ ಏಳುವುದಿಲ್ಲ. ಎರಡರ ನಡುವಿನ ವ್ಯತ್ಯಾಸವನ್ನು ಬೆರಳು ಗುರುತಿಸುವವರೆಗೆ ಹತ್ತಾರು ಸಲ ಮಾಡಿ. ಯಾವ ಕೈಯ ಹಿಡಿ ಯಾವ ಚಕ್ರದ್ದು ಎಂಬುದು ಎಲ್ಲ ಸೈಕಲ್ಲುಗಳಲ್ಲೂ ಒಂದೇ ತೆರನಾಗಿರುವುದಿಲ್ಲ. ಬೇರೆಯವರ ಸೈಕಲ್ ಅಥವಾ ಬಾಡಿಗೆ ಸೈಕಲ್ ಹತ್ತುವಾಗ ಇದನ್ನು ನೋಡಿಕೊಂಡೇ ಹೊರಡಬೇಕು.

ಆಮೇಲೆ ಸೈಕಲ್ ಹತ್ತಿ, ಓಟದ ನಡಿಗೆಯಷ್ಟು ವೇಗದಲ್ಲಿ ಹೋಗುತ್ತ, ಮೊದಲು ಹಿಂದಿನ ಬ್ರೇಕ್ ಮಾತ್ರ ಹಿಡಿದು ಎಲ್ಲಿ ನಿಂತಿರೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಅದೇ ವೇಗದಲ್ಲಿ ಮುಂದಿನದನ್ನು ಮಾತ್ರ ಮೆಲ್ಲನೆ ಹಿಡಿದು ಇನ್ನೊಂದು ಗುರುತು ಮಾಡಿ. ಕೊನೆಗೆ ಎರಡನ್ನೂ ಹಿಡಿಯಿರಿ: ಪೆಡಲುಗಳು ನೆಲಕ್ಕೆ ಸಮಾನಾಂತರ, ಪೃಷ್ಠ ಸೀಟಿನ ಹಿಂಭಾಗಕ್ಕೆ, ಕೈಗಳು ಹ್ಯಾಂಡಲ್ಲಿಗೆ ಊರಿದ್ದು, ಹೊಟ್ಟೆ ಬಿಗಿ. ಮೂರು ಗುರುತುಗಳ ನಡುವಿನ ಅಂತರವನ್ನು ನೋಡಿದ ಮೇಲೆ ಮುಂದಿನ ಬ್ರೇಕಿನ ಬಗ್ಗೆ ಯಾರೂ ಹೇಳಿಕೊಡಬೇಕಾಗುವುದಿಲ್ಲ. ಹಿಂದಿನ ಚಕ್ರ ಜಾರತೊಡಗಿದರೆ ಮುಂದಿನ ಹಿಡಿತವನ್ನು ಕೊಂಚ ಸಡಿಲಿಸಬೇಕೆಂಬ ಸೂಚನೆ ಅದು.

ವೇಗದ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವಾಗ, ಅಪಾಯ ಕಂಡು ಬೆರಳು ಬ್ರೇಕ್ ಹಿಡಿಯುವ ಒಂದು ಸೆಕೆಂಡಿನಲ್ಲಿ ಸೈಕಲ್ ನಾಲ್ಕು ಮೀಟರಿಗಿಂತ ಹೆಚ್ಚು ಸಾಗಿರುತ್ತದೆ; ಸಾಧಾರಣ ಬಲದಿಂದ ಬ್ರೇಕ್ ಹಿಡಿದರೆ ನಿಲ್ಲಲು ಇನ್ನೂ ಮೂರು ಮೀಟರ್ ಬೇಕು. ವೇಗ 30 ಕಿಲೋಮೀಟರ್ ಆದರೆ ಮೊದಲ ಭಾಗ ಎಂಟು ಮೀಟರ್ ದಾಟುತ್ತದೆ, ಎರಡನೆಯದು ನಾಲ್ಕು ಪಟ್ಟಾಗಿ ಹನ್ನೆರಡರ ಹತ್ತಿರ ಬರುತ್ತದೆ. ಒಟ್ಟು ಏಳು ಮೀಟರ್ ಇದ್ದದ್ದು ಇಪ್ಪತ್ತಾಗುತ್ತದೆ. ಮಳೆಯಲ್ಲಿ ಇದೂ ಸಾಲದು. ರಿಮ್ಮನ್ನು ಹಿಡಿಯುವ ಬ್ರೇಕಾದರೆ ಮೊದಲು ರಿಮ್ಮಿನ ನೀರನ್ನು ಒರೆಸಬೇಕು, ಆಮೇಲಷ್ಟೇ ಕಚ್ಚುತ್ತದೆ. ಆದ್ದರಿಂದ ಮುಂಚೆಯೇ ಮೆಲ್ಲನೆ ತಾಗಿಸಿಕೊಂಡು ಹೋಗಬೇಕು. ಮರಳು, ಒದ್ದೆ ಎಲೆ, ರಸ್ತೆಯ ಬಿಳಿ ಬಣ್ಣ, ಕಬ್ಬಿಣದ ಮುಚ್ಚಳ ಇವುಗಳ ಮೇಲೆ ಬ್ರೇಕನ್ನೂ ಹಿಡಿಯದೆ, ತಿರುವನ್ನೂ ತೆಗೆದುಕೊಳ್ಳದೆ, ನೇರವಾಗಿ ದಾಟುವುದು ಕ್ಷೇಮ.

ನಾಲ್ಕನೆಯ ಹಂತ: ಹಿಂದೆ ತಿರುಗಿ ನೋಡುವುದು, ಒಂದು ಕೈ ಬಿಡುವುದು

ವಾಹನಗಳ ನಡುವೆ ನೆಮ್ಮದಿಯಾಗಿ ಹೋಗುವವರಿಗೂ ಹೆದರಿ ಹೋಗುವವರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ ಎಂದು ನನಗೆ ಅನಿಸುತ್ತದೆ. ಹೆಗಲಿನ ಮೇಲಿಂದ ಹಿಂದೆ ನೋಡಬಲ್ಲವರಿಗೆ ಏನು ಬರುತ್ತಿದೆಯೆಂದು ಗೊತ್ತಿರುತ್ತದೆ. ನೋಡಲಾರದವರು ಬರಿಯ ಸದ್ದಿಗೆ ಹೆದರುತ್ತಾರೆ. ನಾನು ಒಮ್ಮೆ ಅಭ್ಯಾಸವಿಲ್ಲದೆ, ಹಿಂದಿನಿಂದ ಬಂದ ಹಾರನ್ ಸದ್ದಿಗೆ ಥಟ್ಟನೆ ತಿರುಗಿ ನೋಡಿದೆ. ತಲೆಯ ಜೊತೆ ಹೆಗಲು ತಿರುಗಿತು, ಹೆಗಲಿನ ಜೊತೆ ಹ್ಯಾಂಡಲ್ ತಿರುಗಿತು, ಚಕ್ರ ಡಾಂಬರಿನ ಅಂಚು ಇಳಿದು ಜಲ್ಲಿಗೆ ಹೋಯಿತು. ಮೊಣಕೈ ತರಚಿದ್ದು ವಾರದಲ್ಲಿ ವಾಸಿಯಾಯಿತು. ಹಿಂದೆ ನೋಡುವ ಹೆದರಿಕೆ ಮಾತ್ರ ತಿಂಗಳುಗಟ್ಟಲೆ ಉಳಿಯಿತು. ಅದನ್ನು ಬಿಡಿಸಿದ್ದು ಮೈದಾನದಲ್ಲಿ ಸೀಮೆಸುಣ್ಣದಿಂದ ಎಳೆದ ಒಂದು ಉದ್ದ ಗೆರೆ.

ಆ ಅಭ್ಯಾಸ ಹೀಗಿದೆ. ಮೂವತ್ತು ಮೀಟರ್ ಉದ್ದದ ಒಂದು ಗೆರೆ ಎಳೆದು, ಮೊದಲು ಅದರ ಮೇಲೆ ಸುಮ್ಮನೆ ನೇರವಾಗಿ ಹೋಗಿ. ನೋಟ ಗೆರೆಯ ಕೊನೆಯ ಮೇಲಿರಬೇಕು, ಚಕ್ರದ ಮೇಲಲ್ಲ. ಅದು ಸಲೀಸಾದ ಮೇಲೆ, ಗೆರೆಯ ಆರಂಭದಲ್ಲಿ ಗೆಳೆಯರೊಬ್ಬರನ್ನು ನಿಲ್ಲಿಸಿ. ನೀವು ಅವರನ್ನು ದಾಟಿ ಹತ್ತು ಮೀಟರ್ ಹೋದ ಮೇಲೆ ಅವರು ನಿಮ್ಮ ಹೆಸರು ಕರೆದು ಕೆಲವು ಬೆರಳುಗಳನ್ನು ಎತ್ತಿ ಹಿಡಿಯಲಿ. ನೀವು ತಿರುಗಿ ನೋಡಿ ಎಷ್ಟು ಬೆರಳೆಂದು ಹೇಳಬೇಕು, ಗೆರೆಯನ್ನೂ ಬಿಡಬಾರದು. ಮೊದಮೊದಲು ಬೆರಳು ಕಂಡರೆ ಗೆರೆ ತಪ್ಪುತ್ತದೆ, ಗೆರೆ ಹಿಡಿದರೆ ಬೆರಳು ಕಾಣುವುದಿಲ್ಲ. ಗದ್ದವನ್ನು ಹೆಗಲಿಗೆ ತಾಗಿಸುವಂತೆ ತಲೆಯನ್ನು ಮಾತ್ರ ತಿರುಗಿಸಿ, ತಿರುಗುವ ಬದಿಯ ಮೊಣಕೈಯನ್ನು ಮೆತ್ತಗೆ ಬಿಟ್ಟರೆ ಹ್ಯಾಂಡಲ್ ಅಲುಗುವುದಿಲ್ಲ. ಎರಡೂ ಬದಿಗೆ ಮಾಡಿ. ಸಾಮಾನ್ಯವಾಗಿ ಒಂದು ಬದಿ ಬೇಗ ಬರುತ್ತದೆ, ಇನ್ನೊಂದು ಮೊಂಡು ಹಿಡಿಯುತ್ತದೆ.

ಒಂದು ಕೈ ಬಿಡುವುದನ್ನು ಇದೇ ಗೆರೆಯ ಮೇಲೆ ಕಲಿಯಬಹುದು. ಮೊದಲು ಅಂಗೈಯನ್ನು ಹ್ಯಾಂಡಲ್ಲಿನಿಂದ ಒಂದು ಇಂಚು ಎತ್ತಿ ಹಿಡಿಯಿರಿ, ನಂತರ ತೊಡೆ ಮುಟ್ಟಿ ಬನ್ನಿ, ಆಮೇಲೆ ಕೈಯನ್ನು ಪೂರ್ತಿ ಚಾಚಿ ತಿರುವಿನ ಸನ್ನೆ ಮಾಡಿ. ನೀರಿನ ಬಾಟಲಿ ತೆಗೆದು ಕುಡಿದು ನೋಡದೆಯೇ ಮತ್ತೆ ಅದರ ಜಾಗಕ್ಕೆ ಇಡುವುದು ಬಂದರೆ ಈ ಪಾಠ ಮುಗಿಯಿತು.

ಐದನೆಯ ಹಂತ: ತಿರುವು

ಸೈಕಲ್ ತಿರುಗುವುದು ಹ್ಯಾಂಡಲ್ ತಿರುಗಿಸುವುದರಿಂದ ಎಂದು ನಾವೆಲ್ಲ ನಂಬಿರುತ್ತೇವೆ. ವಿಮಾನ ಕಟ್ಟುವ ಮೊದಲು ಸೈಕಲ್ ವ್ಯಾಪಾರ ಮಾಡುತ್ತಿದ್ದ ರೈಟ್ ಸಹೋದರರಲ್ಲಿ ಹಿರಿಯನಾದ ವಿಲ್ಬರ್, ಎಡಕ್ಕೆ ಹೇಗೆ ತಿರುಗುತ್ತೀರೆಂದು ಸವಾರರನ್ನು ಕೇಳಿ ನೋಡಿ, ಯಾರೂ ಅದನ್ನು ಪೂರ್ತಿಯಾಗಿ ವಿವರಿಸಲಾರರೆಂದು ಕಂಡುಕೊಂಡಿದ್ದ. ನಡೆಯುವುದು ಹೀಗೆ: ಎಡಕ್ಕೆ ತಿರುಗಬೇಕಾದಾಗ ಸವಾರರು ತಮಗೇ ಅರಿವಿಲ್ಲದೆ ಹ್ಯಾಂಡಲ್ಲನ್ನು ಕ್ಷಣಮಾತ್ರ ಬಲಕ್ಕೆ ಒತ್ತುತ್ತಾರೆ, ಚಕ್ರಗಳು ಬಲಕ್ಕೆ ಸರಿದುದರಿಂದ ಸೈಕಲ್ ಎಡಕ್ಕೆ ವಾಲುತ್ತದೆ, ಆ ವಾಲಿಕೆಯೇ ತಿರುವಾಗುತ್ತದೆ. ಇದನ್ನು ಬುದ್ಧಿಪೂರ್ವಕವಾಗಿ ಮಾಡಲು ಹೋಗಬೇಕಾಗಿಲ್ಲ, ಆದರೆ ವೇಗದಲ್ಲಿರುವಾಗ ತಿರುವೆಂದರೆ ವಾಲುವುದು ಎಂಬುದು ತಿಳಿದಿದ್ದರೆ ವಾಲಿದಾಗ ಗಾಬರಿಯಾಗುವುದಿಲ್ಲ.

ಕ್ರಮ ಸರಳ. ವೇಗವನ್ನು ತಿರುವಿಗೆ ಮೊದಲೇ ಇಳಿಸಿ, ತಿರುವಿನ ನಡುವೆ ಬ್ರೇಕ್ ಬಿಟ್ಟಿರಬೇಕು. ಹೊರಬದಿಯ ಪೆಡಲ್ ಕೆಳಗಿದ್ದು ಅದರ ಮೇಲೆ ಮೈಭಾರ ಬೀಳಬೇಕು; ಒಳಬದಿಯದು ಕೆಳಗಿದ್ದರೆ ವಾಲಿದಾಗ ನೆಲಕ್ಕೆ ತಾಗಿ ಸೈಕಲ್ಲನ್ನು ಎತ್ತಿ ಹಾಕುತ್ತದೆ. ನೋಟ ತಿರುವು ಮುಗಿಯುವ ಜಾಗದಲ್ಲಿರಬೇಕು. ಕಣ್ಣು ಹೋದಲ್ಲಿಗೆ ಸೈಕಲ್ ಹೋಗುತ್ತದೆಯಾದ್ದರಿಂದ, ಹೊಂಡವನ್ನೇ ದಿಟ್ಟಿಸಿದವರು ಹೊಂಡಕ್ಕೇ ಇಳಿಯುತ್ತಾರೆ. ಪಕ್ಕದ ಒಳ್ಳೆಯ ಜಾಗವನ್ನು ನೋಡಿದವರು ದಾಟುತ್ತಾರೆ. ಹತ್ತು ಮೀಟರ್ ಅಂತರದಲ್ಲಿ ಎರಡು ಕಲ್ಲುಗಳನ್ನಿಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ಸುತ್ತುವುದು ಇದಕ್ಕೆ ಅತ್ಯುತ್ತಮ ಅಭ್ಯಾಸ. ಕಲ್ಲುಗಳನ್ನು ಹತ್ತಿರ ತರುತ್ತ ಹೋಗಿ.

ಆರನೆಯ ಹಂತ: ಗೇರು, ಏರು, ಇಳಿಜಾರು

ಭಾರದ ಗೇರಿನಲ್ಲಿ ಜೋರಾಗಿ ಒತ್ತಿ ತುಳಿದರೆ ಶಕ್ತಿ ಬರುತ್ತದೆಂಬ ಭಾವನೆಯಿಂದ ಮೊಣಕಾಲು ಕೆಡಿಸಿಕೊಂಡವರು ಇದ್ದಾರೆ. ಹಗುರವಾದ ಗೇರಿನಲ್ಲಿ ಬೇಗ ಬೇಗ ತುಳಿಯುವುದು ಕೀಲುಗಳಿಗೂ ಉಸಿರಿಗೂ ಹಿತ. ನಿಮಿಷಕ್ಕೆ 70ರಿಂದ 90 ಸುತ್ತು ಒಳ್ಳೆಯ ಗುರಿ; ಒಂದು ಮೊಣಕಾಲು 15 ಸೆಕೆಂಡಿನಲ್ಲಿ ಎಷ್ಟು ಸಲ ಮೇಲೆ ಬಂತೆಂದು ಎಣಿಸಿದರೆ 18ರಿಂದ 22ರ ನಡುವೆ ಇರಬೇಕು. ಗೇರು ಬದಲಿಸುವಾಗ ತುಳಿಯುತ್ತಲೇ ಇರಬೇಕು, ಆದರೆ ಒತ್ತಡವನ್ನು ಅರೆಕ್ಷಣ ಸಡಿಲಿಸಬೇಕು. ಏರು ಶುರುವಾಗಿ ಕಾಲು ಕಟ್ಟಿದ ಮೇಲೆ ಬದಲಿಸಲು ಹೋದರೆ ಚೈನು ಕಿರುಗುಟ್ಟುತ್ತದೆ, ಕೆಲವೊಮ್ಮೆ ಕಳಚಿಕೊಳ್ಳುತ್ತದೆ. ಆದ್ದರಿಂದ ಏರು ಕಂಡಾಗಲೇ ಬದಲಿಸಿ. ಮುಂದಿನ ದೊಡ್ಡ ಹಲ್ಲುಚಕ್ರ ಮತ್ತು ಹಿಂದಿನ ಅತಿ ದೊಡ್ಡ ಹಲ್ಲುಚಕ್ರ, ಅಥವಾ ಎರಡೂ ಕಡೆ ಅತಿ ಚಿಕ್ಕವು, ಹೀಗೆ ಚೈನು ಓರೆಯಾಗುವ ಜೋಡಿಗಳನ್ನು ತಪ್ಪಿಸಬೇಕು.

ಏರಿನಲ್ಲಿ ಕುಳಿತೇ, ಮಾತನಾಡಲು ಆಗುವಷ್ಟು ಉಸಿರಿಟ್ಟುಕೊಂಡು ಹತ್ತಿ. ಬೇಕಾದರೆ ಇಳಿದು ತಳ್ಳಿಕೊಂಡು ಹೋಗಿ, ಅದರಲ್ಲಿ ನಾಚಿಕೆಪಡಬೇಕಾದ್ದು ಏನೂ ಇಲ್ಲ. ಇಳಿಜಾರಿನಲ್ಲಿ ಪೆಡಲುಗಳನ್ನು ಮಟ್ಟಸವಾಗಿಟ್ಟು, ಮೊಣಕಾಲು ಬಾಗಿಸಿ, ಸೀಟಿನಿಂದ ಕೂದಲೆಳೆಯಷ್ಟು ಮೇಲೆದ್ದರೆ ರಸ್ತೆಯ ಕುಲುಕಾಟವನ್ನು ಕಾಲುಗಳು ನುಂಗಿಕೊಳ್ಳುತ್ತವೆ. ಬ್ರೇಕನ್ನು ಉದ್ದಕ್ಕೂ ಹಿಡಿದೇ ಇಳಿಯುವುದರಿಂದ ರಿಮ್ಮು ಕಾಯುತ್ತದೆ, ಕೈ ಸೋಲುತ್ತದೆ. ಗಟ್ಟಿಯಾಗಿ ಹಿಡಿದು ವೇಗ ಇಳಿಸುವುದು, ಬಿಡುವುದು, ಮತ್ತೆ ಹಿಡಿಯುವುದು, ಹೀಗೆ ಇಳಿಯಬೇಕು.

ಏಳನೆಯ ಹಂತ: ರಸ್ತೆಗಿಳಿಯುವುದು

ಮೈದಾನದಲ್ಲಿ ಕಲಿತದ್ದನ್ನು ಮೊದಲು ವಾಹನಗಳು ವಿರಳವಾದ ಹೊತ್ತಿನಲ್ಲಿ, ಗೊತ್ತಿರುವ ಒಂದೇ ಹಾದಿಯಲ್ಲಿ, ಒಂದೆರಡು ವಾರ ಬಳಸಿ ನೋಡಿ. ಪ್ರತಿ ಹೊಂಡವೂ ಪ್ರತಿ ಅಡ್ಡರಸ್ತೆಯೂ ನೆನಪಿರುವ ಹಾದಿಯಲ್ಲಿ ಮನಸ್ಸಿಗೆ ಬಿಡುವಿರುತ್ತದೆ. ಆ ಬಿಡುವನ್ನು ಇತರ ವಾಹನಗಳನ್ನು ಗಮನಿಸಲು ಬಳಸಿಕೊಳ್ಳಬಹುದು.

ಹೆದರಿದವರು ರಸ್ತೆಯ ತೀರಾ ಅಂಚಿನಲ್ಲಿ ಹೋಗುತ್ತಾರೆ. ಅಲ್ಲಿಯೇ ಗಾಜಿನ ಚೂರು, ಮರಳು, ಒಡೆದ ಡಾಂಬರು ಇರುವುದು, ಮತ್ತು ತಪ್ಪಿಸಿಕೊಳ್ಳಲು ಜಾಗ ಇಲ್ಲದಿರುವುದು. ಅಂಚಿನಿಂದ ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ಒಳಗೆ ನೇರವಾಗಿ ಹೋಗುವವರು ಹಿಂದಿನವರಿಗೆ ಚೆನ್ನಾಗಿ ಕಾಣುತ್ತಾರೆ, ಅವರ ನಡೆ ಮುಂಚಿತವಾಗಿ ತಿಳಿಯುತ್ತದೆ. ನಿಂತ ಕಾರುಗಳ ಪಕ್ಕದಲ್ಲಿ ಹೋಗುವಾಗ ಬಾಗಿಲು ಪೂರ್ತಿ ತೆರೆದರೂ ತಾಗದಂತೆ ಒಂದೂವರೆ ಮೀಟರ್ ದೂರವಿರಿ. ಕಾರುಗಳ ನಡುವಿನ ಖಾಲಿ ಜಾಗಗಳಿಗೆ ನುಸುಳುತ್ತ ಹೊರಬರುತ್ತ ಹೋಗಬೇಡಿ. ಜಾಗ ಬದಲಿಸಬೇಕಾದಾಗ ಹಿಂದೆ ನೋಡುವುದು, ಸನ್ನೆ ಮಾಡುವುದು, ಮತ್ತೊಮ್ಮೆ ನೋಡುವುದು, ಆಮೇಲೆ ಸರಿಯುವುದು, ಈ ಅನುಕ್ರಮ ಎಂದೂ ತಪ್ಪಬಾರದು.

ಲಾರಿ, ಬಸ್ಸುಗಳ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ಉದ್ದದ ವಾಹನ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನವುಗಳ ಹಾದಿಯಲ್ಲಿ ಬರದೆ ಒಳಬದಿಗೆ ಕತ್ತರಿಸಿಕೊಂಡು ಬರುತ್ತವೆ. ಕೂಡುರಸ್ತೆಯಲ್ಲಿ ಅಂಥ ವಾಹನದ ಒಳಬದಿಗೆ ಎಷ್ಟೇ ಜಾಗ ಕಂಡರೂ ನುಗ್ಗಬೇಡಿ. ಅದರ ಹಿಂದೆಯೇ ನಿಲ್ಲಿ. ಅದರ ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುವುದಿಲ್ಲ.

ರೈಲು ಹಳಿಗಳನ್ನು ಸಾಧ್ಯವಾದಷ್ಟು ಲಂಬವಾಗಿ ದಾಟಬೇಕು, ಓರೆಯಾಗಿ ಹೋದರೆ ಚಕ್ರ ಹಳಿಯ ಸಂದಿಗೆ ಇಳಿಯುತ್ತದೆ. ಕತ್ತಲಾಗುವ ಮೊದಲೇ ಮುಂದೆ ಬಿಳಿಯ, ಹಿಂದೆ ಕೆಂಪು ದೀಪ ಉರಿಯುತ್ತಿರಲಿ.

ಎಂಟನೆಯ ಹಂತ: ದೂರ ಹೆಚ್ಚಿಸುವುದು, ಪಂಕ್ಚರ್ ಹಾಕುವುದು

ದೂರವನ್ನು ಕಿಲೋಮೀಟರಿನಲ್ಲಿ ಎಣಿಸದೆ ಸಮಯದಲ್ಲಿ ಎಣಿಸುವುದು ಆರಂಭದಲ್ಲಿ ಒಳ್ಳೆಯದು. ಅರ್ಧ ಗಂಟೆ ಸುಖವಾಗಿ ತುಳಿಯಬಲ್ಲವರು ವಾರದಲ್ಲಿ ಒಂದು ಸವಾರಿಯನ್ನು ಮಾತ್ರ ಐದು ಹತ್ತು ನಿಮಿಷ ಉದ್ದ ಮಾಡಿಕೊಳ್ಳುತ್ತ ಹೋದರೆ ಕೆಲವು ತಿಂಗಳಲ್ಲಿ ಎರಡು ಗಂಟೆ ತಲುಪುತ್ತಾರೆ. ಒಂದು ಗಂಟೆ ದಾಟುವ ಸವಾರಿಗೆ ನೀರಿನ ಜೊತೆ ತಿನ್ನಲು ಏನಾದರೂ ಇರಬೇಕು. ದೀರ್ಘ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಎಂಬುದು ರೂಢಿಯ ಲೆಕ್ಕ. ಹಸಿವಾಗುವವರೆಗೆ ಕಾದರೆ ತಡವಾಗುತ್ತದೆ, ಕಾಲುಗಳು ಅಷ್ಟರಲ್ಲಿ ಖಾಲಿಯಾಗಿರುತ್ತವೆ. ಅಂಗೈ ಜೋಮು ಹಿಡಿದರೆ ಹಿಡಿಯುವ ಜಾಗವನ್ನು ಆಗಾಗ ಬದಲಿಸಿ. ಮಣಿಕಟ್ಟು ಹಿಂದಕ್ಕೆ ಮಡಿಚಿ ಭಾರವೆಲ್ಲ ಅಂಗೈಯ ಮೇಲೆ ಬಿದ್ದಾಗ ಅಲ್ಲಿನ ನರ ಒತ್ತಿಹೋಗುತ್ತದೆ.

ಮನೆಯಿಂದ ದೂರ ಹೋಗಲು ಹಿಂಜರಿಯುವವರ ಮನಸ್ಸಿನಲ್ಲಿ ಹೆಚ್ಚಾಗಿ ಇರುವುದು ಪಂಕ್ಚರಿನ ಚಿಂತೆ. ಅದನ್ನು ರಸ್ತೆಯಲ್ಲಿ ಮೊದಲ ಸಲ ಎದುರಿಸಬೇಡಿ. ಒಂದು ಬಿಡುವಿನ ದಿನ, ಸರಿಯಾಗಿಯೇ ಇರುವ ಹಿಂದಿನ ಚಕ್ರವನ್ನು ಬಿಚ್ಚಿ ಮತ್ತೆ ಹಾಕಿ. ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದುಕೊಂಡರೆ ಚಕ್ರ ಸುಲಭವಾಗಿ ಹೊರಬರುತ್ತದೆ. ಗಾಳಿ ಪೂರ್ತಿ ಬಿಟ್ಟು, ಟೈರಿನ ಅಂಚನ್ನು ಎರಡೂ ಬದಿಯಿಂದ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿ, ವಾಲ್ವಿನ ಎದುರು ಬದಿಯಿಂದ ಲಿವರ್ ಹಾಕಿ ಎತ್ತಿ. ಟ್ಯೂಬ್ ಹೊರತೆಗೆದು ಗಾಳಿ ತುಂಬಿ ಕಿವಿಯ ಹತ್ತಿರ ಹಿಡಿದರೆ ತೂತು ಸದ್ದು ಮಾಡುತ್ತದೆ. ಒಂದೇ ತೂತಾದರೆ ಮುಳ್ಳೋ ಗಾಜೋ ಚುಚ್ಚಿರಬಹುದು. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತುಗಳಿದ್ದರೆ ಗಾಳಿ ಕಡಿಮೆಯಿದ್ದು ಹೊಂಡದಲ್ಲಿ ಟ್ಯೂಬ್ ರಿಮ್ಮಿಗೆ ಸಿಕ್ಕಿ ಕತ್ತರಿಸಿದೆ ಎಂದರ್ಥ. ತೂತಿನ ಸುತ್ತ ಉಜ್ಜುಕಾಗದದಿಂದ ತಿಕ್ಕಿ, ಸಲ್ಯೂಷನ್ ಹಚ್ಚಿ, ಅದು ಹೊಳಪು ಕಳೆದುಕೊಳ್ಳುವವರೆಗೆ ತಾಳ್ಮೆಯಿಂದ ಕಾದು, ಆಮೇಲೆ ಪ್ಯಾಚ್ ಒತ್ತಬೇಕು. ಹಸಿಯಾಗಿರುವಾಗಲೇ ಒತ್ತಿದರೆ ಹಿಡಿಯುವುದಿಲ್ಲ. ಹೊಸಬರ ಪ್ಯಾಚ್ ಏಳುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಯನ್ನು ಒಂದು ಬಟ್ಟೆಯಿಂದ ಸುತ್ತಲೂ ಸವರಿ. ಮುಳ್ಳು ಅಲ್ಲೇ ಇದ್ದರೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ, ಅದನ್ನು ಕೀಳದೆ ಹೊರಟರೆ ನೂರು ಮೀಟರಿನಲ್ಲಿ ಮತ್ತೆ ನಿಲ್ಲಬೇಕಾಗುತ್ತದೆ. ರಸ್ತೆಯಲ್ಲಾದರೆ ತೇಪೆಗೆ ಕೂರದೆ, ಜೊತೆಯಲ್ಲಿ ಒಯ್ದ ಹೊಸ ಟ್ಯೂಬನ್ನು ಹಾಕಿ, ತೂತಾದುದನ್ನು ಮನೆಗೆ ತಂದು ಸರಿಪಡಿಸಿಕೊಳ್ಳಿ.

ಮೊದಲ ದೂರದ ಸವಾರಿಗೆ ಹೊರಡುವ ದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ನೋಡಿ, ಹೋಗುವಾಗ ಅದಕ್ಕೆ ಎದುರಾಗಿ ಹೋಗುವ ಹಾದಿಯನ್ನೇ ಆರಿಸಿಕೊಳ್ಳಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗ ಇಮ್ಮಡಿಯಾದರೆ ಎಂಟು ಪಟ್ಟಾಗುತ್ತದೆಯಾದ್ದರಿಂದ ಎದುರುಗಾಳಿಯಲ್ಲಿ ವೇಗಕ್ಕಾಗಿ ಹೋರಾಡದೆ, ಹಗುರ ಗೇರಿನಲ್ಲಿ, ಮೊಣಕೈ ಬಾಗಿಸಿ ಮೈ ತಗ್ಗಿಸಿಕೊಂಡು ನಿಧಾನವಾಗಿ ಸಾಗಬೇಕು. ಅರ್ಧ ಸಮಯ ಮುಗಿದಾಗ, ಇನ್ನೂ ಶಕ್ತಿ ಉಳಿದಿದೆ ಎನಿಸಿದರೂ, ತಿರುಗಿಬಿಡಿ. ದಣಿದ ಕಾಲುಗಳಿಗೆ ಮನೆಯವರೆಗೂ ಹಿಂಗಾಳಿ ಜೊತೆಗಿರುತ್ತದೆ.